ಮಡಿಲಲ್ಲಿಟ್ಟದ್ದಕ್ಕೆ ಲಗೇಜಿಲ್ಲ

ನಾನು ಮೊತ್ತಮೊದಲು ವಿಮಾನ ಹತ್ತಿದ್ದು ಟಿಕೆಟಿಲ್ಲದೆ. ಹೀಗೆ ಹೇಳಿದರೆ ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ಆ ವಿಮಾನಕ್ಕೆ ಟಿಕೆಟ್ ಎಂಬುದೇ ಇರಲಿಲ್ಲ. ಮದುವೆ ದಿಬ್ಬಣಕ್ಕೆ ನಾವು ಬಸ್ಸು ಗೊತ್ತುಮಾಡುವ ಹಾಗೆ, ಬೆಳ್ತಂಗಡಿ ಕಡೆಯ ಒಬ್ಬರು ಹೋಟೆಲು ಧಣಿಗಳು ಬೊಂಬಾಯಿಯಿಂದ ಮಂಗಳೂರಿನ ಬಜಪೆಗೆ ಒಂದು ಪುಟ್ಟ ವಿಮಾನವನ್ನೇ ಬಾಡಿಗೆಗೆ ಗೊತ್ತುಮಾಡಿಕೊಂಡು ಊರಿಗೆ ಬಂದಿದ್ದರು. ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಎಂದು ಒಂದು ನೆಪ. ಊರಿಗೆ ತೋರಿಸಬೇಕಾದ್ದು ಮನೆಯೋ ವಿಮಾನವೋ ಎಂದು ಜನ ಮಾತಾಡಿಕೊಂಡರು. ಒಕ್ಕಲಿಗೆ ಬಂದಿದ್ದ ಅವರ ಇಬ್ಬರು ಸ್ನೇಹಿತರು ಬೆಂಗಳೂರಿಗೆ ಹೋಗುವವರಿದ್ದರು. ಹಾಗಾಗಿ ಬೊಂಬಾಯಿಗೆ ಹಿಂದಿರುಗುವಾಗ ಎರಡು ಸೀಟು ಖಾಲಿ.

ಆ ಎರಡು ಸೀಟು ಬಂಟ್ವಾಳದ ನಮ್ಮ ದೊಡ್ಡಮ್ಮನಿಗೂ ನನಗೂ ಸಿಕ್ಕಿದ್ದು ಹೀಗೆ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಇದ್ದದ್ದು ಒಬ್ಬಳೇ ಮಗಳು. ಅವಳನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕನ ಗಂಡ, ನಮ್ಮ ಭಾವ, ಆ ಧಣಿಗಳ ಬೊಂಬಾಯಿ ಹೋಟೆಲಿನಲ್ಲಿ ಮ್ಯಾನೇಜರು. ಅಕ್ಕನಿಗೆ ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಬಯಕೆ ಶಾಸ್ತ್ರ ಮಾಡಿಸಿ ತವರಿಗೆ ಕರೆತರುವುದು ನಮ್ಮಲ್ಲಿ ವಾಡಿಕೆ. ಆದರೆ ಡಾಕ್ಟರು ಅವಳನ್ನು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಒಂದು ಹಗಲು ಒಂದು ರಾತ್ರಿಯ ಬಸ್ಸು ಪ್ರಯಾಣದ ಮಾತೇ ಇಲ್ಲ. ಹಾಗೇ ದಿನ ಕಳೆದು ಈಗ ಒಂಬತ್ತು ತುಂಬುತ್ತ ಬಂದಿತ್ತು.

ಮಗಳು ತವರಿಗೆ ಬರಲಾಗದಿದ್ದರೆ ತವರೇ ಅವಳಲ್ಲಿಗೆ ಹೋಗಬೇಕು ಎಂದು ದೊಡ್ಡಮ್ಮ ನಿಶ್ಚಯಿಸಿದರು. ನಿಶ್ಚಯವೇನೋ ಸರಿ, ಆದರೆ ಅವರಿಗೆ ಬಸ್ಸು ಆಗದು. ಪುತ್ತೂರಿಗೆ ಹೊರಟರೆ ಅರ್ಧ ದಾರಿಯ ಮಾಣಿ ಪೇಟೆ ದಾಟುವಷ್ಟರಲ್ಲಿ ಕಿಟಕಿಯ ಹೊರಗೆ ತಲೆ. ಹೀಗಿರುವಾಗ ಧಣಿಗಳು ಭಾವನ ಹತ್ತಿರ, "ನಿಮ್ಮ ಅತ್ತೆಯನ್ನು ನಾನು ಕರ್ಕೊಂಡು ಬರ್ತೇನೆ, ಎರಡು ಸೀಟು ಉಂಟಲ್ಲ" ಎಂದರಂತೆ. ಎರಡನೇ ಸೀಟಿಗೆ ಯಾರು? ದೊಡ್ಡಮ್ಮನಿಗೆ ತುಳು ಬಿಟ್ಟರೆ ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಕನ್ನಡ. ಬೊಂಬಾಯಿಯ ಆಸ್ಪತ್ರೆಯಲ್ಲಿ ಮಾತಾಡಲು ಒಂದು ಬಾಯಿ ಬೇಕಿತ್ತು. ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದ್ದು ನಾನೇ.

ಸುದ್ದಿ ಬಂದ ದಿನವೇ ನಾನು ಹಾಸ್ಟೆಲಿನ ಎಲ್ಲ ಕೋಣೆಗಳಿಗೂ ಹೋಗಿ ಬಂದೆ. ಒಬ್ಬಳಿಗೆ ಪುಸ್ತಕ ಕೇಳುವ ನೆಪ, ಇನ್ನೊಬ್ಬಳಿಗೆ ಸೂಜಿ ಕೇಳುವ ನೆಪ. "ಬರುವ ವಾರ ನಾನಿಲ್ಲ ಮಾರಾಯ್ತಿ, ಬೊಂಬಾಯಿಗೆ, ವಿಮಾನದಲ್ಲಿ" ಎಂದು ಕೊನೆಗೆ ಸೇರಿಸುವುದು. ಅಡುಗೆಯವರಿಗೂ ಹೇಳಿದೆ, ಅಂಚೆಯವನಿಗೂ ಹೇಳಿದೆ. ಆಗಿನ ನನ್ನ ಜಂಭವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇದ್ದ ಒಂದೇ ಹೊಸ ರೆಕ್ಸಿನ್ ಚೀಲವನ್ನು ತುಂಬಿಸಿ ಬಂಟ್ವಾಳಕ್ಕೆ ಬಂದಿಳಿದೆ.

ಬರುವಷ್ಟರಲ್ಲಿ ಭಾವ ಟ್ರಂಕ್ ಕಾಲ್ ಮಾಡಿ ಹೇಳಿದ ನಿಯಮಗಳೂ ಬಂದಿದ್ದವು. ದೊಡ್ಡಮ್ಮನ ಮನೆಯ ಹತ್ತಿರ ಟೆಲಿಫೋನು ಇದ್ದದ್ದು ಪೇಟೆಯ ಅಡಿಕೆ ಅಂಗಡಿಯಲ್ಲಿ. ಅಂಗಡಿಯ ಸಾಹುಕಾರರು ಭಾವ ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಾವೇ ತಂದುಕೊಟ್ಟರು. ಒಬ್ಬೊಬ್ಬರಿಗೆ ಹತ್ತು ಕಿಲೊ ಸಾಮಾನು. ಟ್ರಂಕು ಪೆಟ್ಟಿಗೆ ಕೂಡದು, ಮೆತ್ತಗಿನ ಚೀಲವೇ ಆಗಬೇಕು, ಯಾಕೆಂದರೆ ಇಡುವ ಜಾಗ ಗೂಡಿನಷ್ಟೇ. ಎಣ್ಣೆ ಬೇಡ, ಬೆಂಕಿಪೊಟ್ಟಣ ಬೇಡ, ಜೀವ ಇರುವಂಥದ್ದು ಬೇಡ. ನಾನು ಕೊನೆಯ ಸಾಲು ಓದಿ ಹೇಳಿದಾಗ ದೊಡ್ಡಮ್ಮನ ಮುಖ ಕೆಂಪೇರಿತು. ಹತ್ತುವವರ ಮೈತೂಕವನ್ನೂ ಮೊದಲೇ ತಿಳಿಸಬೇಕಂತೆ.

"ನಾನೆಂತ ಕೊಪ್ಪರದ ಗೋಣಿಯಾ, ತೂಗ್ಲಿಕ್ಕೆ?"

ಆದರೂ ತೂಗಲೇಬೇಕಲ್ಲ. ಊರಲ್ಲಿ ಮನುಷ್ಯರನ್ನು ತೂಗುವಷ್ಟು ದೊಡ್ಡ ತಕ್ಕಡಿ ಇದ್ದದ್ದು ಅದೇ ಅಡಿಕೆ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆವು. ದೊಡ್ಡಮ್ಮ ಸೆರಗು ಹೊದ್ದು, ಕಣ್ಣು ಮುಚ್ಚಿ, ಅಡಿಕೆ ಚೀಲ ಇಡುವ ಹಲಗೆಯ ಮೇಲೆ ನಿಂತರು. ಸಾಹುಕಾರರು ಬಹಳ ಮರ್ಯಾದಸ್ಥರು. ತೂಕವನ್ನು ಗಟ್ಟಿಯಾಗಿ ಹೇಳಲಿಲ್ಲ, ಬರೆದು ಮಡಚಿ ಕೊಟ್ಟರು. ಹೊರಗೆ ಬಂದು ಬಿಚ್ಚಿ ನೋಡಿದರೆ ಅರುವತ್ತು. ನನ್ನದು ಮೂವತ್ತೊಂಬತ್ತು. ದೊಡ್ಡಮ್ಮ ಖುಷಿಯಾದರು. "ಅರುವತ್ತೇ ಅಲ್ವಾ, ನಾನು ಜಾಸ್ತಿ ಗ್ರಹಿಸಿದ್ದೆ" ಎಂದರು. ನಮ್ಮ ಅಡಿಕೆ ವ್ಯಾಪಾರದಲ್ಲಿ ತೂಗಿದ ಮೇಲೆ ಗೋಣಿಯ ತೂಕ ಕಳೆಯುವುದುಂಟು. ಆ ಅಭ್ಯಾಸದಲ್ಲಿ ಸಾಹುಕಾರರು ನಮ್ಮಿಬ್ಬರಿಗೂ ಸೀರೆಯ ಬಾಬ್ತು ಎರಡೆರಡು ಕಿಲೊ ಕಳೆದೇ ಬರೆದಿದ್ದರೆಂದು ನಮಗೆ ಆಮೇಲೆ ಗೊತ್ತಾಯಿತು. ಸೀರೆ ಬಿಟ್ಟು ಯಾರು ವಿಮಾನ ಹತ್ತುತ್ತಾರೆ ಎಂದು ಅವರೂ ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ.

ಇನ್ನು ಸಾಮಾನು. ದೊಡ್ಡಮ್ಮ ಮೂರು ತಿಂಗಳಿಂದ ಒಟ್ಟುಮಾಡಿಟ್ಟದ್ದು ಚಾವಡಿ ತುಂಬ ಹರಡಿತ್ತು. ಬಾಣಂತಿಗೆಂದು ಕುಚ್ಚಲಕ್ಕಿ, ಓಲೆಬೆಲ್ಲ, ಕರಿಮೆಣಸು, ಅರಿಶಿನದ ಕೊಂಬು, ತಾವೇ ಕಾಸಿದ ಲೇಹ್ಯ. ಮೀಯಿಸುವ ನೀರಿಗೆ ಹಾಕಲು ಒಣಗಿಸಿದ ಸೊಪ್ಪು. ಹಳೆಯ ಮೆತ್ತಗಿನ ಸೀರೆಗಳು. ಮಗುವನ್ನು ಮಲಗಿಸಿ ಮೀಯಿಸಲು ಒಳ್ಳೆಯ ಅಗಲದ ಅಡಿಕೆ ಹಾಳೆ. ಲೇಹ್ಯ ಅರೆಯಲು ಒಂದು ಕಲ್ಲು ಕೂಡ ಇತ್ತು. ಕಲ್ಲು ಬೇಡ ಎಂದು ಒಪ್ಪಿಸುವುದಕ್ಕೇ ನನಗೆ ಅರ್ಧ ದಿನ ಹಿಡಿಯಿತು. "ಬೊಂಬಾಯಿಯಲ್ಲಿ ಕಲ್ಲು ಸಿಕ್ತದಾ?" ಎಂದು ಕೇಳಿದ್ದನ್ನೇ ಕೇಳಿದರು. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಭರಣಿ. ಅದರಲ್ಲಿ ಉಪ್ಪುನೀರಿಗೆ ಹಾಕಿದ ಹಲಸಿನಕಾಯಿಯ ಸೊಳೆ, ಅಂದರೆ ತೊಳೆ. ಅಕ್ಕ ಪ್ರತಿ ಕಾಗದದಲ್ಲೂ ಕೇಳಿದ್ದು ಅದೊಂದನ್ನೇ. ನನಗೆ ಏನೂ ಸೇರುವುದಿಲ್ಲ ಅಮ್ಮ, ಸೊಳೆ ಪಲ್ಯ ಇದ್ದರೆ ಒಂದು ತುತ್ತು ಗಂಜಿ ಉಣ್ಣಬಹುದು ಎಂದು ಬರೆದಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ತವರೆಂಬ ಹೆಸರು ಯಾಕೆ ಎಂದು ದೊಡ್ಡಮ್ಮ ಹೇಳುತ್ತಿದ್ದರು.

ಹೊರಟಾಗ ಚೀಲಗಳನ್ನು ತೂಗಿದರೆ ಸರಿಯಾಗಿ ಇಪ್ಪತ್ತು ಕಿಲೊ. ಅದರಲ್ಲಿ ಆರು ನನ್ನ ರೆಕ್ಸಿನ್ ಚೀಲ. ನಾನು ಭೇಷ್ ಎಂದೆ. ಆದರೆ ಚಾವಡಿಯಲ್ಲಿ ಇನ್ನೂ ಅದಕ್ಕಿಂತ ಹೆಚ್ಚು ಸಾಮಾನು ಉಳಿದಿತ್ತಲ್ಲ!

"ಅದು ಲಗೇಜಲ್ಲ," ಎಂದರು ದೊಡ್ಡಮ್ಮ. "ಅದು ಮಡಿಲಿಗೆ."

ಇಲ್ಲಿ ನಮ್ಮ ಕಡೆಯ ಬಸ್ಸುಗಳ ಬಗ್ಗೆ ಒಂದು ಮಾತು ಹೇಳಬೇಕು. ಆಗಿನ ಖಾಸಗಿ ಬಸ್ಸುಗಳಲ್ಲಿ ಯಾರೂ ಬರೆಯದ ಒಂದು ಕಾನೂನಿತ್ತು. ಟಾಪಿನ ಮೇಲೆ ಹಾಕಿದ್ದಕ್ಕೆ ಲಗೇಜು ಉಂಟು, ಅಂದರೆ ಸಾಮಾನಿಗೆ ಬೇರೆ ದುಡ್ಡು. ಸೀಟಿನ ಅಡಿಗೆ ತೂರಿಸಿದ್ದಕ್ಕೆ ಕಂಡಕ್ಟರನ ಮರ್ಜಿ. ಮಡಿಲಲ್ಲಿಟ್ಟದ್ದಕ್ಕೆ ಮಾತ್ರ ಲಗೇಜಿಲ್ಲ. ಈ ಕಾನೂನನ್ನು ದೊಡ್ಡಮ್ಮನಷ್ಟು ಚೆನ್ನಾಗಿ ಬಳಸಿದವರನ್ನು ನಾನು ಕಂಡಿಲ್ಲ. ಒಮ್ಮೆ ನಾರಾವಿಯ ನಮ್ಮ ಮನೆಯಿಂದ ಹೋಗುವಾಗ ಒಂದು ಇಡೀ ಹಲಸಿನಹಣ್ಣನ್ನು ಮಡಿಲಲ್ಲಿಟ್ಟು, ಮೇಲೆ ಶಾಲು ಹೊದಿಸಿ ಕುಳಿತಿದ್ದರು. ಕಂಡಕ್ಟರು ಬಂದು, "ಮಗುವಿಗೆ ಎಷ್ಟು ಪ್ರಾಯ ಅಮ್ಮ?" ಎಂದು ಕೇಳಿದ. ದೊಡ್ಡಮ್ಮ, "ಹಣ್ಣಾಗ್ಲಿಕ್ಕೆ ಇನ್ನು ಎರಡು ದಿನ ಉಂಟು" ಎಂದರು. ಇಡೀ ಬಸ್ಸು ನಕ್ಕಿತು. ಲಗೇಜು ಹಾಕಲಿಲ್ಲ.

ಹಾಗೆ ಜೀಪಿನಲ್ಲಿ ಬಜಪೆಗೆ ಹೊರಟಾಗ ಅವರ ಮಡಿಲಲ್ಲಿ ಭರಣಿ, ಲೇಹ್ಯದ ಡಬ್ಬ, ಬೆಲ್ಲದ ಗಂಟು, ಒದ್ದೆ ಮಾಡಿ ಸುರುಳಿ ಸುತ್ತಿದ ಹಾಳೆ. ನನ್ನ ಮಡಿಲಿಗೆ ಹನ್ನೆರಡು ಕಿಲೊ ಅಕ್ಕಿ ಬಂತು. "ವಿಮಾನದವರು ಒಪ್ಪಲಿಕ್ಕಿಲ್ಲ ದೊಡ್ಡಮ್ಮ" ಎಂದು ನಾನು ಪೊಳಲಿ ಬರುವ ತನಕ ಹೇಳಿದೆ. "ಕೂತ್ಕೊಳ್ಳಿಕ್ಕೆ ಸೀಟು ಕೊಟ್ಟ ಮೇಲೆ ಮಡಿಲು ನಮ್ಮದಲ್ವಾ?" ಎಂದರು. ನಾನು ಅಕ್ಕಿಯ ಚೀಲವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡೆ.

ವಿಮಾನ ನೋಡಿ ಮೊದಲು ನನಗೆ ನಿರಾಸೆಯಾಯಿತು. ನಮ್ಮ ಬಸ್ಸಿನ ಅರ್ಧ ಕೂಡ ಇಲ್ಲ. ಬಿಳಿ ಬಣ್ಣ, ಎರಡು ರೆಕ್ಕೆಗೆ ಎರಡು ಫ್ಯಾನು, ಬಾಗಿ ಹತ್ತಬೇಕಾದ ಬಾಗಿಲು. ಪಕ್ಕದಲ್ಲಿ ಪೈಲಟ್ ನಿಂತಿದ್ದರು. ಬಿಳಿ ಅಂಗಿ, ಕಪ್ಪು ಕನ್ನಡಕ, ಉತ್ತರದವರು. ಧಣಿಗಳೂ ಅವರ ಹೆಂಡತಿಯೂ ಬೆಳ್ತಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅವರ ಚೀಲಗಳನ್ನು ಮಾತ್ರ ಬೆಳಿಗ್ಗೆಯೇ ಕಳುಹಿಸಿ ಏರಿಸಿಯಾಗಿತ್ತು. ಪೈಲಟಿನ ಕಾಲ ಬಳಿ ಸಣ್ಣದೊಂದು ತೂಕದ ಯಂತ್ರ. ನಾವು ಮಡಿಲಿನ ಸಾಮಾನನ್ನು ಎದೆಗವಚಿಕೊಂಡು ಬರುವುದನ್ನು ಅವರು ದೂರದಿಂದಲೇ ನೋಡುತ್ತಿದ್ದರು.

ಇದ್ದ ಹಾಗೇ ನಿಲ್ಲಿ ಎಂದರು. ದೊಡ್ಡಮ್ಮ ಭರಣಿ ಸಮೇತ ಯಂತ್ರದ ಮೇಲೆ ನಿಂತರು, ಮುಳ್ಳು ಎಂಬತ್ತು ದಾಟಿತು. ನಾನು ಅಕ್ಕಿ ಸಮೇತ ನಿಂತೆ. ಪೈಲಟ್ ಕಿಸೆಯಿಂದ ಕಾಗದ ತೆಗೆದು ನಾವು ಕಳುಹಿಸಿದ್ದ ತೂಕದ ಜೊತೆ ತಾಳೆ ನೋಡಿದರು. ಎಲ್ಲ ಸೇರಿ ಮೂವತ್ತೆಂಟು ಕಿಲೊ ಹೆಚ್ಚು. ಅವರೇನೂ ಗದರಲಿಲ್ಲ. ಗುಡ್ಡದ ತಲೆಯ ಮೇಲಿನ ಈ ರನ್‌ವೇ ಗಿಡ್ಡ, ಬಿಸಿಲು ಏರುತ್ತಿದೆ, ಹೆಚ್ಚು ಭಾರ ಹೊತ್ತರೆ ವಿಮಾನ ಸಮಯಕ್ಕೆ ಮೇಲೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಆಮೇಲೆ ಭರಣಿ, ಅಕ್ಕಿ ಎಲ್ಲದರ ಕಡೆಗೆ ಕೈ ತೋರಿಸಿ, ನನ್ನ ಕಡೆಗೂ ತೋರಿಸಿ ಹೇಳಿದರು: "ಈ ಸಾಮಾನು ಇಲ್ಲವೇ ನೀವು, ಎರಡರಲ್ಲಿ ಒಂದು. ಅಮ್ಮನನ್ನು ಬೊಂಬಾಯಿಯಲ್ಲಿ ಇಳಿಸಿಕೊಳ್ಳಲು ಹೇಗೂ ಅಳಿಯ ಬರುತ್ತಾರಲ್ಲ. ಕೇಳಿ ನೋಡಿ."

ದೊಡ್ಡಮ್ಮ ನನ್ನ ಮುಖ ನೋಡಿದರು. "ಎಂತ ಹೇಳ್ತಾನೆ?"

ನನಗೆ ಆ ಕ್ಷಣ ಹಾಸ್ಟೆಲು ಕಣ್ಣ ಮುಂದೆ ಬಂತು. ಹದಿನಾಲ್ಕು ಕೋಣೆ, ಅಡುಗೆಯವರು, ಅಂಚೆಯವನು. ಬಜಪೆಯ ತನಕ ಹೋಗಿ ವಿಮಾನವನ್ನು ಮುಟ್ಟಿ ಬಂದೆ ಎಂದು ಅವರಿಗೆ ಹೇಳುವುದೇ? ಭರಣಿಯೂ ಕಣ್ಣ ಮುಂದೆಯೇ ಇತ್ತು, ಇಲ್ಲವೆಂದಲ್ಲ. ರಜೆಗೆ ಬಂದಾಗಲೆಲ್ಲ ಅಕ್ಕನ ಕಾಗದಗಳನ್ನು ದೊಡ್ಡಮ್ಮನಿಗೆ ಓದಿ ಹೇಳಿದ್ದು ನಾನೇ.

"ಸಾಮಾನು ಆಗ್ಲಿಕ್ಕಿಲ್ಲಂತೆ," ಎಂದೆ. "ಮೈತೂಕವೇ ನಾಲ್ಕು ಕಿಲೊ ಹೆಚ್ಚು ಬಂತಂತೆ, ಇನ್ನು ನಮ್ಮಿಬ್ಬರಿಗೂ ಸೇರಿ ಹದಿನಾರು ಕಿಲೊ ಮಾತ್ರ."

ಅಷ್ಟೇ ಹೇಳಿದೆ. ಸುಳ್ಳಲ್ಲ, ಅರ್ಧ. ಅರ್ಧ ಹೇಳುವುದು ಸುಳ್ಳಿಗಿಂತ ಕೆಟ್ಟದ್ದು ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ದೊಡ್ಡಮ್ಮ ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಬಿಸಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಂಟುಗಳನ್ನು ಬಿಚ್ಚಿದರು. ಅಕ್ಕಿ ಆಚೆ ಹೋಯಿತು. ಬೆಲ್ಲ ಹೋಯಿತು, ಅರಿಶಿನ ಹೋಯಿತು, ಸೊಪ್ಪಿನ ಕಟ್ಟು ಹೋಯಿತು. ಲೇಹ್ಯವನ್ನೂ ಕರಿಮೆಣಸನ್ನೂ ಹಳೆ ಸೀರೆಗಳನ್ನೂ ಹಾಳೆಯನ್ನೂ ಉಳಿಸಿಕೊಂಡರು. ಭರಣಿಯನ್ನು ಎರಡು ಸಲ ಕೆಳಗಿಟ್ಟು ಎರಡು ಸಲ ಎತ್ತಿಕೊಂಡರು, ಮೂರನೇ ಸಲ ಕೆಳಗಿಟ್ಟು ಸೆರಗಿನಿಂದ ಅದರ ಬಾಯಿಯ ಸುತ್ತ ಒರೆಸಿದರು. ನನ್ನ ರೆಕ್ಸಿನ್ ಚೀಲ ಅಲ್ಲೇ ಇತ್ತು. ಅದರಲ್ಲಿ ಹೊಸ ಚಪ್ಪಲಿ, ಕೈಗನ್ನಡಿ, ಓದುವುದಿಲ್ಲವೆಂದು ಗೊತ್ತಿದ್ದೂ ತುಂಬಿದ ಎರಡು ದಪ್ಪ ಪುಸ್ತಕ. ಭರಣಿ ಅದಕ್ಕಿಂತ ಸ್ವಲ್ಪವೇ ಹೆಚ್ಚು ತೂಗುತ್ತಿತ್ತು. ಚೀಲ ತೆಗೆಯುತ್ತೇನೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ದೊಡ್ಡಮ್ಮನೂ ಅದನ್ನು ಮುಟ್ಟಲಿಲ್ಲ.

ಉಳಿದದ್ದೆಲ್ಲ ಜೀಪಿನಲ್ಲಿ ಬಂಟ್ವಾಳಕ್ಕೆ ವಾಪಸು ಹೋಯಿತು. ಅಷ್ಟರಲ್ಲಿ ಧಣಿಗಳು ಬಂದರು. ಅವರೊಬ್ಬರೇ ನಾನೂ ದೊಡ್ಡಮ್ಮನೂ ಸೇರಿದಷ್ಟು ತೂಗುವಂತಿದ್ದರು, ಪೈಲಟ್ ಮಾತ್ರ ಅವರಿಗೆ ನಮಸ್ಕಾರ ಮಾಡಿ ಬಾಗಿಲು ಹಿಡಿದರು. ಲೋಕದಲ್ಲಿ ಎಲ್ಲ ಭಾರವೂ ಒಂದೇ ಅಲ್ಲ ಎಂದು ಅವತ್ತು ತಿಳಿಯಿತು.

ಹಾರಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸ್ಟೆಲಿನಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಯಾವುದು ನೋಡಿದ್ದು ಯಾವುದು ಕಟ್ಟಿದ್ದು ಎಂದು ನನಗೇ ಗೊತ್ತಿಲ್ಲ. ಕೆಳಗೆ ಹೊಳೆ ಬಳುಕುತ್ತಿತ್ತು. ಸಮುದ್ರ ಇಷ್ಟು ಹತ್ತಿರ ಉಂಟೆಂದು ತಿಳಿದಿರಲಿಲ್ಲ. ದೊಡ್ಡಮ್ಮ ವಾಂತಿ ಮಾಡಲಿಲ್ಲ, ಅದೊಂದು ಪವಾಡ. ಇಡೀ ದಾರಿ ಹಾಳೆಯ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಒಂದು ಸಲ ಮಾತ್ರ ನನ್ನ ಕಡೆ ತಿರುಗಿ, "ಚಂದ ಉಂಟಾ?" ಎಂದು ಕೇಳಿದರು. ಉಂಟು ಎಂದೆ. ನಿಜಕ್ಕೂ ಚಂದವಿತ್ತು, ಅದೇ ನನ್ನ ಕಷ್ಟ.

ಬೊಂಬಾಯಿಯ ಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾಡಿತ್ತು, ಕೈಗಳು ಕಡ್ಡಿಯಾಗಿದ್ದವು. ತಾಯಿಯನ್ನು ಕಂಡು ಅತ್ತಳು, ನನ್ನನ್ನು ಕಂಡು ನಕ್ಕಳು. ಆಮೇಲೆ ಚೀಲಗಳ ಕಡೆ ಕಣ್ಣು ಹಾಯಿಸಿ, "ಸೊಳೆ ತರ್ಲಿಲ್ವಾ ಅಮ್ಮ?" ಎಂದಳು.

"ವಿಮಾನದವ ಬಿಡ್ಲಿಲ್ಲ ಮಗಾ," ಎಂದರು ದೊಡ್ಡಮ್ಮ. "ಅವನ ವಿಮಾನಕ್ಕೆ ಗೆದ್ದಲು ಹಿಡೀಲಿ."

ನಾನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಸುಮ್ಮನೆ ನಲ್ಲಿ ಬಿಟ್ಟು ನಿಂತೆ. ಭಾವ ಎಲ್ಲಿಂದಲೋ ಹುಡುಕಿ ಏನೇನೋ ಉಪ್ಪಿನಕಾಯಿ ತಂದರು, ಅಕ್ಕನಿಗೆ ಯಾವುದೂ ಸೇರಲಿಲ್ಲ. ಒಂಬತ್ತು ದಿನ ಕಳೆದು ಹೆಣ್ಣುಮಗು ಹುಟ್ಟಿತು, ಇಬ್ಬರೂ ಕ್ಷೇಮ. ಆ ಕೋಳಿಗೂಡಿನಂಥ ಸ್ನಾನದ ಮನೆಯಲ್ಲಿ ದೊಡ್ಡಮ್ಮ ಹಾಳೆ ಹಾಸಿ, ಮಗುವನ್ನು ಮಲಗಿಸಿ ಮೀಯಿಸಿದರು. ಅಕ್ಕಪಕ್ಕದ ಮನೆಯವರು ನೋಡಲು ಬಂದರು. ಇದು ನಮ್ಮ ಊರಿನ ತೊಟ್ಟಿಲು ಎಂದು ನಾನು ಅವರಿಗೆಲ್ಲ ಇಂಗ್ಲಿಷಿನಲ್ಲಿ ಅನುವಾದಿಸಿ ಹೇಳಿದೆ. ಅಷ್ಟರ ಮಟ್ಟಿಗೆ ನನ್ನ ಬಾಯಿ ಉಪಯೋಗಕ್ಕೆ ಬಂತು.

ಆಮೇಲೆ ವರ್ಷಗಳ ಕಾಲ ನಮ್ಮ ಮನೆಗಳಲ್ಲಿ ಆ ಪೈಲಟ್ ಒಬ್ಬ ಖಳನಾದ. ಯಾರಾದರೂ ಪ್ರಯಾಣದ ಮಾತೆತ್ತಿದರೆ ಸಾಕು, ದೊಡ್ಡಮ್ಮ ಅವನಿಗೆ ಬೈಯುವರು. ಕಪ್ಪು ಕನ್ನಡಕದವ, ಕರುಣೆ ಇಲ್ಲದವ, ಹೆತ್ತ ತಾಯಿ ಇಲ್ಲದವ. ಪಾಪ, ಆ ಮನುಷ್ಯ ನನಗೆ ಎಷ್ಟು ಮರ್ಯಾದೆಯಿಂದ ವಿವರಿಸಿದ್ದರು! ಪ್ರತಿ ಬೈಗುಳವೂ ವಿಳಾಸ ತಪ್ಪಿ ಬಂದ ಕಾಗದದ ಹಾಗೆ ನನ್ನ ಮುಂದೆ ಬಿದ್ದಿರುತ್ತಿತ್ತು. ನಾನು ಎತ್ತಿಕೊಳ್ಳುತ್ತಿರಲಿಲ್ಲ.

ನನಗೆ ಮದುವೆಯಾಗಿ ಚೊಚ್ಚಲ ಹೆರಿಗೆಗೆ ನಾರಾವಿಗೆ ಬಂದದ್ದು ಎಂಬತ್ತರ ದಶಕದ ನಡುವೆ, ಆಷಾಢದ ಮಳೆಯ ಆಟಿ ತಿಂಗಳಲ್ಲಿ. ಅಮ್ಮನಿಗೆ ಸೊಂಟನೋವು, ಬಗ್ಗಲು ಆಗುತ್ತಿರಲಿಲ್ಲ. ಮಗುವನ್ನು ಮೀಯಿಸಲು ಬಂಟ್ವಾಳದಿಂದ ದೊಡ್ಡಮ್ಮ ಬಂದರು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಮಡಿಲಲ್ಲಿ ಹೊಸ ಹಾಳೆ ಇಟ್ಟುಕೊಂಡು. ನನ್ನ ಮಗು ಹಾಳೆಯಲ್ಲಿ ಮಲಗಿ ಕೈಕಾಲು ಆಡಿಸುವುದನ್ನು ನೋಡುತ್ತಿದ್ದ ಹಾಗೆ ಒಂದು ದಿನ ನನಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಅವತ್ತು ಪೈಲಟ್ ಸಾಮಾನು ಬೇಡ ಅಂತ ಹೇಳಿದ್ದಲ್ಲ. ಸಾಮಾನು, ಇಲ್ಲದಿದ್ರೆ ನಾನು, ಎರಡರಲ್ಲಿ ಒಂದು ಅಂತ ಹೇಳಿದ್ದು. ನಾನು ನಿಮಗೆ ಅರ್ಧವೇ ಹೇಳಿದೆ."

ಅವರ ಕೈ ನಿಲ್ಲಲಿಲ್ಲ. ಮಗುವಿನ ನೆತ್ತಿಗೆ ಅಡ್ಡ ಕೈ ಹಿಡಿದು ನೀರು ಹೊಯ್ದರು.

"ಗೊತ್ತುಂಟು."

"ಹೇಗೆ?"

"ಅವ ಒಂದು ಸಲ ಭರಣಿಗೆ ಕೈ ತೋರಿಸಿದ, ಒಂದು ಸಲ ನಿನಗೆ ತೋರಿಸಿದ. ಅದು ಅರ್ಥ ಆಗ್ಲಿಕ್ಕೆ ಬಿ.ಎ. ಮಾಡ್ಬೇಕಾ?"

ಬಚ್ಚಲ ಒಲೆಯ ಹೊಗೆಯಲ್ಲಿ ನನ್ನ ಕಣ್ಣು ಉರಿಯುತ್ತಿತ್ತು. "ಮತ್ತೆ ಯಾಕೆ ಹೇಳ್ಲಿಲ್ಲ ನೀವು? ಇಷ್ಟು ವರ್ಷ ಅವನಿಗೆ ಬೈದದ್ದು ಯಾಕೆ?"

"ಯಾರಿಗಾದ್ರೂ ಬೈಬೇಕಲ್ಲ," ಎಂದರು. ಮಗುವನ್ನು ಬೋರಲು ಹಾಕಿ ಬೆನ್ನಿಗೆ ನೀರು ಹೊಯ್ದ ಮೇಲೆ ಮತ್ತೆ ಮಾತಾಡಿದರು. "ನೀನು ಸರಿಯಾಗಿ ಕೇಳಿದ್ದರೆ ನಾನು ನಿನ್ನನ್ನೇ ಇಳಿಸ್ತಿದ್ದೆ. ಸತ್ಯ ಹೇಳ್ತೇನೆ. ನನ್ನ ಮಗಳ ಬಯಕೆ ಅದು. ಆದ್ರೆ ನಿನ್ನ ಮುಖ ನೋಡಿದೆ. ನೀನು ಕೇಳ್ಲಿಲ್ಲ, ಇಳಿ ಅಂತ ಹೇಳುವ ಪಾಪ ನನಗೆ ತಪ್ಪಿತು."

ನಾನು ಅತ್ತೆ. ಬಾಣಂತಿ ಅಳಬಾರದು, ಕಣ್ಣಿಗೆ ಕೇಡು ಎಂದು ಗದರಿ, ಒದ್ದೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು. "ಚೌತಿಗೆ ಅವಳು ಬರ್ತಾಳೆ. ಸೊಳೆ ಹಾಕಿ ಇಟ್ಟಿದ್ದೇನೆ. ನೀನೇ ಪಲ್ಯ ಮಾಡಿ ಬಡಿಸು. ಹೇಳ್ಲಿಕ್ಕೆ ಮಾತ್ರ ಹೋಗ್ಬೇಡ."

ಚೌತಿಗೆ ಅಕ್ಕ ಬಂದಳು, ಶಾಲೆಗೆ ಹೋಗುವ ಮಗಳ ಜೊತೆ. ಸೊಳೆಯನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ಒಗ್ಗರಣೆ ಕೊಟ್ಟು, ನಾನೇ ಅವಳ ಎಲೆಗೆ ಬಡಿಸಿದೆ. ಅವಳು ಎರಡು ಸಲ ಹಾಕಿಸಿಕೊಂಡಳು. ಮೂರನೇ ಸಲವೂ ಎಲೆ ಮುಂದೆ ಮಾಡಿ, "ಉಪ್ಪು ಸ್ವಲ್ಪ ಜಾಸ್ತಿಯಾಗಿದೆ, ಆದ್ರೂ ಹಾಕು" ಎಂದಳು. ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.